ಕೆಂಪು ಬಲಕ್ಕೆ, ಬಿಳಿ ಎಡಕ್ಕೆ

ಸಾವಿರದ ಆರುನೂರಕ್ಕೆ ಕೇಳಿದೆ,
ಎರಡೂವರೆ ಸಾವಿರ ಅಂದ ದಾದಾಪೀರ್,
ಸಾವಿರದೆಂಟುನೂರಕ್ಕೆ ನಿಂತಿತು ಮಾತು.
ಮೇಲೊಂದು ತಾಕೀತು:
ಎಡಗಡೆ ಗುಂಡಿ ಮೆಲ್ಲಗೆ ತಿರುಗಿಸಿ ಮೇಡಂ,
ಮುದುಕರ ಮಂಡಿ ಇದ್ದ ಹಾಗೆ, ಕಟಕಟ ಅನ್ನುತ್ತೆ.

ಹಿಂದೆ ಇದು ಬಸ್‌ಸ್ಟ್ಯಾಂಡ್ ಎದುರಿನ ಬಾರೊಂದರಲ್ಲಿತ್ತಂತೆ.
ಮುಚ್ಚಳದ ಸೀಳಿನೊಳಗೆ ಇನ್ನೂ
ಕಡ್ಲೆಬೀಜದ ಸಿಪ್ಪೆ,
ಜಿರಳೆಯ ಒಂದು ಒಣ ರೆಕ್ಕೆ,
ಯಾರುಯಾರದೋ ಹನ್ನೆರಡು ವರ್ಷದ ಸಿಗರೇಟು ಹೊಗೆ.
ಹತ್ತಿ, ಸ್ಪಿರಿಟ್ಟು, ಹಳೆಯ ಟೂತ್‌ಬ್ರಷ್ಷು;
ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ದುರ್ಗಿಗುಡಿಯ ಅಡ್ಡರಸ್ತೆ, ಮೊದಲ ಮಹಡಿ,
ಹತ್ತಡಿ ಹನ್ನೆರಡಡಿಯ ನನ್ನ ಡಿಟಿಪಿ ಅಂಗಡಿ.
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ, ಬಾಡಿಗೆ ಕರಾರು,
ಇಷ್ಟೂ ಮೂಡಿಸುವ ಕಂಪ್ಯೂಟರಿಗೆ
ದನಿ ಅಂತ ಇದ್ದದ್ದು ಕಡ್ಡಿಪೆಟ್ಟಿಗೆ ಗಾತ್ರದ್ದು.

ವಯರು ಅರವತ್ತು ರೂಪಾಯಿ.
ಒಂದು ತುದಿಗೆ ಒಂಟಿ ಮೂತಿ, ಇನ್ನೊಂದಕ್ಕೆ ಜೋಡಿ.
ಕೆಂಪು ಬಲಕ್ಕೆ, ಬಿಳಿ ಎಡಕ್ಕೆ.
ಫೋನೋ ಅಂತ ಬರೆದಲ್ಲಿ ಹಾಕಬೇಡಿ, ಅದರ ಪಕ್ಕದಲ್ಲಿ,
ದಾದಾಪೀರ್ ಫೋನಿನಲ್ಲೇ ಕಣ್ಣಾದ.

ಹಾಕಿದೆ.
ಗುಂಯ್.
ಹಾಡಲ್ಲ, ಮಾತಲ್ಲ, ದುಂಬಿಯೂ ಅಲ್ಲ,
ಕುರ್ಚಿಯ ಕಾಲಿನಿಂದ ಹತ್ತಿ ಬರುವ ಗುಂಯ್.
"ಅರ್ಥಿಂಗ್ ಮೇಡಂ. ಎರಡು ಯಂತ್ರ, ಎರಡು ಗೋಡೆ,
ಬೇರೆಬೇರೆ ಕಡೆ ನೆಲ ಮುಟ್ಟಿದರೆ ಜಗಳ.
ಒಂದೇ ಬೋರ್ಡಿಗೆ ತನ್ನಿ."
ತಂದೆ. ಅರ್ಧ ಇಳಿಯಿತು.
"ಉಳಿದದ್ದು?"
"ಉಳಿದದ್ದು ಲಿಂಗನಮಕ್ಕಿದು, ಬಿಡಿ.
ಅಲ್ಲಿ ತಿರುಗೋದು ಇಲ್ಲಿ ಕೇಳುತ್ತೆ.
ನಮ್ಮಜ್ಜಿ ಊರು ಆ ನೀರಿನಡಿ ಇದೆ,
ನಾವೇ ಸುಮ್ಮನಿದ್ದೀವಿ."
ನಕ್ಕು ಫೋನಿಟ್ಟ.

ಮೊದಲು ಬಂದದ್ದು ತಪ್ಪಿನ ಸದ್ದು.
ಪ್ರಿಂಟರಿನಲ್ಲಿ ಕಾಗದವಿಲ್ಲ ಅಂತ
ದಿನಕ್ಕೆ ಇಪ್ಪತ್ತು ಸಲ ಟಿಣ್ ಅನ್ನುತ್ತಿದ್ದ ಬಡಪಾಯಿ
ಈಗ ಢಣ್ಣೆಂದಿತು.
ಕೆಳಗಿನ ಬೇಕರಿಯವರು ಕೈಹಿಟ್ಟಿನಲ್ಲೇ
ಹೊರಗೆ ಬಂದು ಮೇಲೆ ನೋಡಿದರು.
ಏನಿಲ್ಲ, ಪೇಪರ್ ಖಾಲಿ, ಎಂದೆ
ಕಿಟಕಿಯಿಂದ, ಇಡೀ ಬೀದಿಗೆ.

ಆಮೇಲೆ ಹುಡುಕಿ ತೆಗೆದೆ ಹಾಲೇಶಪ್ಪನವರನ್ನು.

ಕರಡು ತಿದ್ದುವ ಹಾಲೇಶಪ್ಪ.
ಒಂಬತ್ತು ವರ್ಷ ಎದುರು ಕೂತು
ಅವರು ಓದುವುದು, ನಾನು ತೆರೆ ನೋಡುವುದು.
ಯಾವುದೋ ಸಹಕಾರ ಸಂಘದ ವಾರ್ಷಿಕ ವರದಿ,
ಅವಸರವೆಂದು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ.
ಈಗ ಗಂಟಲಿನ ಆಪರೇಷನ್ ಆಗಿ ಅವರು
ಸ್ಲೇಟಿನಲ್ಲಿ ಬರೆಯುತ್ತಾರೆ, ಕಾಗುಣಿತ ತಪ್ಪದೆ.

"ಸದರಿ ಸಾಲಿನಲ್ಲಿ, ಅಲ್ಪವಿರಾಮ,
ಸಂಘವು ಗಳಿಸಿದ ನಿವ್ವಳ ಲಾಭ,
ಭ ಅಂದೆ ಕಣಮ್ಮ, ಹೊಟ್ಟೆ ಸೀಳು,
ಪೂರ್ಣವಿರಾಮ."

ಸಣ್ಣ ಪೆಟ್ಟಿಗೆಯಲ್ಲಿ ಇಷ್ಟೇ ಕೇಳುತ್ತಿತ್ತು.

ಮೊಬೈಲಿನ ದನಿ, ಎರಡು ಪೆಟ್ಟಿಗೆಗೂ ಸಮಪಾಲು.
ಹಾಗಾಗಿ ಎಡದಲ್ಲೂ ಅಲ್ಲ, ಬಲದಲ್ಲೂ ಅಲ್ಲ,
ನಡುವೆ, ಏನೂ ಇಲ್ಲದ ಕಡೆ,
ಕ್ಯಾಲೆಂಡರಿನ ಕೆಳಗೆ, ಅವರ ಕುರ್ಚಿಯಿದ್ದ ಎತ್ತರಕ್ಕೇ
ಬಂದು ಕೂತರು.
ಅಲ್ಪವಿರಾಮಕ್ಕೆ ಮುಂಚಿನ ಉಸಿರು ಕೇಳಿತು.
ಪುಟ ತಿರುಗಿಸಲು ಬೆರಳು ನಾಲಿಗೆಗೆ ತಾಗಿದ್ದು,
ಗಾಜಿನ ಲೋಟ ಮೇಜಿಗೆ ಕೂತದ್ದು,
ಗಂಟಲಲ್ಲಿ ಒಂದು ಸಣ್ಣ ಕೆರೆತ.
ಆಗಲೇ ಇತ್ತು ಅದು.
ಮೂರು ವರ್ಷದ ಹಿಂದೆಯೇ,
ಪ್ರತಿ ಪೂರ್ಣವಿರಾಮ ಆದ ಮೇಲೆ.

ನಾನು ತೆರೆ ನೋಡುತ್ತಿದ್ದೆ.

ಗುಂಡಿ ತಿರುಗಿಸಿದೆ, ಮೆಲ್ಲಗೆ, ಕಟಕಟ.
ದನಿ ಹೋಯಿತು. ಲಿಂಗನಮಕ್ಕಿ ಉಳಿಯಿತು.
ನಾಳೆ ಅವರನ್ನು ಕರೆಯಲೋ ಬೇಡವೋ.
ಕರೆದರೆ ಬರುತ್ತಾರೆ, ಸ್ಲೇಟು ಹಿಡಿದೇ;
ಪೂರ್ತಿ ಕೇಳಿ, ಬಳಪ ಒದ್ದೆ ಮಾಡಿಕೊಂಡು,
ನಾಲ್ಕನೇ ಪುಟದಲ್ಲಿ ಒಂದು ಒತ್ತು ಬಿಟ್ಟಿದ್ದೀಯ
ಎಂದು ಬರೆಯುತ್ತಾರೆ.